ಕಂಬಳಿಯೊಳಗಿನ ಎರಡು ನಿಮಿಷ

ಹೆಬ್ಬೆರಳಿಗಿಂತ ತುಸು ದಪ್ಪಗಿನ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಐದು ತಿಂಗಳು ನಮ್ಮ ಅಡುಗೆಮನೆಯ ಹಲಗೆಯ ಮೇಲೆ, ಮೆಂತ್ಯದ ಡಬ್ಬಿಯ ಹಿಂದೆ ಇತ್ತು. ಅದರೊಳಗೆ ತೊಳೆಯದ ಒಂದು ಫಿಲ್ಮ್ ರೋಲು. ನಮ್ಮ ಮನೆಯಲ್ಲಿ ಡೆವಲಪ್ ಮಾಡುವುದಕ್ಕೆ ತೊಳೆಯುವುದು ಎಂದೇ ಹೇಳುತ್ತೇವೆ. ಅಪ್ಪ ಹೊಳಲ್ಕೆರೆಯಲ್ಲಿ ಮೂವತ್ತು ವರ್ಷ ಸ್ಟುಡಿಯೊ ನಡೆಸಿದವರು, ಅವರ ಮಾತು ಅದು. ಆ ರೋಲಿನ ಕೊನೆಯ ಚಿತ್ರದಲ್ಲಿ ಒಬ್ಬ ಕುರಿಗಾಹಿ ಇದ್ದ. ಆ ಚಿತ್ರ ತೆಗೆದು ಅರ್ಧ ಗಂಟೆಯೊಳಗೆ ಅವನು ನನ್ನ ಕಣ್ಣೆದುರೇ ಹಳ್ಳದ ನೀರಿನಲ್ಲಿ ಹೋದ. ಅದು ಹೇಗಾಯಿತೆಂದು ಊರಿಗೆಲ್ಲ ಹೇಳಿದ್ದೆ. ಒಂದು ಮಾತು ಮಾತ್ರ ಬಿಟ್ಟಿದ್ದೆ. ಆ ಮಾತನ್ನು ಅವನ ಹೆಂಡತಿಗೆ ಹೇಳಬೇಕಿತ್ತು. ಫಿಲ್ಮ್ ತೊಳೆದರೆ ಫೋಟೊ ಕೊಡಲು ಹೋಗಬೇಕಾಗುತ್ತದೆ, ಹೋದರೆ ಹೇಳಬೇಕಾಗುತ್ತದೆ. ಅದಕ್ಕೇ ತೊಳೆಯದೆ ಇಟ್ಟುಕೊಂಡಿದ್ದೆ.

ನಾನು ಹೊಸದುರ್ಗದಲ್ಲಿ ಕಾಲೇಜಿನ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ಅಪ್ಪ ಈಗ ನನ್ನ ಜೊತೆಗಿದ್ದಾರೆ. ಕೈ ನಡುಗುವುದರಿಂದ ಅವರು ಕ್ಯಾಮೆರಾ ಮುಟ್ಟುವುದಿಲ್ಲ. ಅವರ ಹಳೆಯ ಕ್ಯಾಮೆರಾ ಹಿಡಿದು ಭಾನುವಾರಗಳಂದು ಬಾಗೂರಿನ ಕಡೆ ಸ್ಕೂಟರಿನಲ್ಲಿ ಹೋಗಿಬರುವುದು ನನ್ನ ಚಾಳಿಯಾಗಿತ್ತು. ಅಲ್ಲೇ ಅವನ ಪರಿಚಯ. ನಲವತ್ತರ ಆಸುಪಾಸಿನ ಮನುಷ್ಯ, ಎಪ್ಪತ್ತು ಎಂಬತ್ತು ಕುರಿ, ಒಂದು ನಾಯಿ, ಹೆಗಲ ಮೇಲೆ ಕರಿ ಕಂಬಳಿ. ಎರಡು ವರ್ಷ ನಾನು ಅವನ ಕುರಿಗಳ ಫೋಟೊ ತೆಗೆದೆ, ಅವನು ನನ್ನ ಕ್ಯಾಮೆರಾವನ್ನು ಗೇಲಿ ಮಾಡಿದ.

"ನಮ್ಮ ಹುಡುಗ್ರು ಮೊಬೈಲ್ನಾಗೆ ಒತ್ತಿದ್ರೆ ಕಣ್ಣ್ ಮುಚ್ಚಿ ಬಿಡಾದ್ರಾಗೆ ಬರ್ತೈತೆ. ನಿಮ್ಮದು ಕುರಿಗಿಂತ ತಡ ಅಕ್ಕಾರೆ. ಕುರಿನೂ ಐದು ತಿಂಗ್ಳಿಗೆ ಈಯ್ತಾವೆ."

ಒಮ್ಮೆ ಅವನ ಕಂಬಳಿಯ ಮೇಲೆ ಕೂತು ಇಬ್ಬರೂ ಹುರಿದ ಕಡಲೆಕಾಯಿ ತಿನ್ನುತ್ತಿದ್ದಾಗ ಅವನ ವಯಸ್ಸು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿದ.

"ಬ್ಯಾರೆ ಕಡೆ ಕುಂತಿದ್ರೆ ಏನೋ ಒಂದು ಅಂದುಬಿಡ್ತಿದ್ದೆ. ಕಂಬಳಿ ಮ್ಯಾಲೆ ಕುಂತು ಸುಳ್ಳು ಹೇಳಂಗಿಲ್ಲ ಅಕ್ಕಾರೆ. ಗೊತ್ತಿಲ್ಲ."

"ಯಾಕೆ ಹೇಳೋ ಹಂಗಿಲ್ಲ?"

"ನಮ್ಮೋರು ನ್ಯಾಯ ಮಾಡಾಕೆ ಕುಂತ್ರೂ ಮೊದ್ಲು ಕಂಬಳಿನೇ ಹಾಸಾದು. ಅದು ಗದ್ದುಗೆ. ನಿಮ್ಮ ಕೋಲ್ಟಲ್ಲಿ ಪುಸ್ತಕ ಮುಟ್ಟುಸ್ತಾರಂತಲ್ಲ, ಹಂಗೆ."

ಆಗ ನಕ್ಕು ಇನ್ನೊಂದು ಹಿಡಿ ಕಡಲೆಕಾಯಿ ತೆಗೆದುಕೊಂಡಿದ್ದೆ.

ಅಪ್ಪನಿಗೆ ಫಿಲ್ಮಿನ ವಿಷಯದಲ್ಲಿ ಒಂದು ಜಿಪುಣತನವಿತ್ತು, ಅದು ನನಗೂ ಬಂದಿದೆ. ಅಂಗಡಿಯ ರೋಲು ದುಬಾರಿ ಎಂದು ನೂರು ಅಡಿಯ ದೊಡ್ಡ ಸುರುಳಿ ತರಿಸಿ, ಕತ್ತಲಲ್ಲಿ ಕತ್ತರಿಸಿ, ಹಳೆಯ ಕ್ಯಾಸೆಟ್ಟುಗಳಿಗೆ ನಾವೇ ತುಂಬುತ್ತೇವೆ. ಒಳಗಿನ ಅಚ್ಚಿಗೆ ಫಿಲ್ಮಿನ ಕೊನೆಯನ್ನು ಟೇಪಿನಿಂದ ಅಂಟಿಸುತ್ತೇವೆ. ಮೂವತ್ತಾರು ಚಿತ್ರ ಮುಗಿದರೂ ಅಪ್ಪ ನಿಲ್ಲಿಸುವವರಲ್ಲ, ಫಿಲ್ಮನ್ನು ಮುಂದಕ್ಕೆ ಸರಿಸುವ ಸನ್ನೆಯನ್ನು ಇನ್ನೂ ಎಳೆಯುವವರು. "ಸನ್ನೆಗೆ ಸ್ವಲ್ಪ ಜೋರು ಮಾಡು, ಮೂವತ್ತೇಳು ಕೊಡ್ತೈತೆ. ಪುಣ್ಯ ಇದ್ರೆ ಮೂವತ್ತೆಂಟೂ ಬರ್ತೈತೆ," ಎನ್ನುತ್ತಿದ್ದರು. ಆ ಹೆಚ್ಚುವರಿ ಚಿತ್ರಗಳಲ್ಲೇ ಊರಿನ ಎಷ್ಟೋ ಮಕ್ಕಳ ಪಾಸ್‌ಪೋರ್ಟ್ ಫೋಟೊ ತೆಗೆದಿದ್ದಾರೆ.

ಅವನು ಹೋದದ್ದು ಅಕ್ಟೋಬರಿನಲ್ಲಿ, ಚಿತ್ತೆ ಮಳೆಯ ದಿನಗಳು. ಮಧ್ಯಾಹ್ನ ಮೂರರ ಸುಮಾರು. ನಾವಿದ್ದ ಕಡೆ ಬಿಸಿಲಿತ್ತು. ಹಳ್ಳ ಒಣಗಿತ್ತು, ನಡುವೆ ಬರಿಯ ಮರಳು, ಜಲ್ಲಿ. ದಡದ ಹೊಂಗೆ ಮರದ ಬುಡದಲ್ಲಿ ಒಂದು ಬಂಡೆ. ಕುರಿಗಳು ಹಳ್ಳದೊಳಗಿಳಿದು ಅಂಚಿನ ಹಸಿರು ಮೇಯುತ್ತಿದ್ದವು. ಮೂವತ್ತಾರನೆಯ ಚಿತ್ರ ಅವನದು. ಅವನು ಕೋಲಿಗೆ ಒರಗಿ ನಿಂತಿದ್ದ. ಇನ್ನೊಂದು ಬೇಕೆನ್ನಿಸಿ ಸನ್ನೆಯನ್ನು ಜೋರಾಗಿ ಎಳೆದೆ. ಒಳಗೆ ಏನೋ ಪಟ್ಟೆಂದಿತು. ಟೇಪು ಕಿತ್ತುಬಂದಿತ್ತು. ಇನ್ನು ಫಿಲ್ಮನ್ನು ಕ್ಯಾಸೆಟ್ಟಿಗೆ ಹಿಂದಕ್ಕೆ ಸುತ್ತುವ ಹಾಗಿಲ್ಲ, ಕ್ಯಾಮೆರಾದ ಬೆನ್ನು ತೆರೆದರೆ ಬೆಳಕು ಬಿದ್ದು ಎಲ್ಲ ಹಾಳು.

"ಏನಾತು ಅಕ್ಕಾರೆ? ಡಬ್ಬ ಮುನಿಸ್ಕಂತಾ?"

"ಕತ್ತಲೆ ಬೇಕಪ್ಪ. ಕತ್ತಲೆ ಇದ್ರೆ ಕೈಲೇ ಬಿಚ್ಚಿ ತೆಗೀಬಹುದು. ಇನ್ನು ಮನೆಗೇ ಹೋಗಬೇಕು."

ಹೋಗಬಹುದಿತ್ತು. ಕ್ಯಾಮೆರಾವನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಟಿದ್ದರೆ ಸಂಜೆ ನಮ್ಮ ಬಚ್ಚಲುಮನೆಯಲ್ಲಿ ಆಗುವ ಕೆಲಸ ಅದು. ಆದರೆ ಬೆಳಕು ಚೆನ್ನಾಗಿತ್ತು, ಚೀಲದಲ್ಲಿ ಇನ್ನೊಂದು ರೋಲಿತ್ತು, ನಾನು ಹಿಂದೆಮುಂದೆ ನೋಡುತ್ತ ನಿಂತೆ. ಅವನು ಹೆಗಲಿಂದ ಕಂಬಳಿ ಎಳೆದ.

"ಕತ್ಲೆನಾ? ಹೊತ್ಕಂಡು ತಿರುಗ್ತಿದೀನಲ್ಲ, ತಗಳ್ರಿ. ಇದ್ರಾಗೆ ತಲೆ ಇಟ್ರೆ ನಡು ಮಧ್ಯಾನ್ನದಾಗೂ ಹೊತ್ತು ಮುಳುಗ್ತೈತೆ. ನಮ್ಮವ್ವ ನೂತ ನೂಲು, ಮಳೆ ಹನೀನೂ ಒಳಕ್ಕೆ ಬರಾಕಿಲ್ಲ."

ಬಂಡೆಯ ಮೇಲೆ ಕೂತು ಕ್ಯಾಮೆರಾವನ್ನೂ ಖಾಲಿ ಡಬ್ಬಿಯನ್ನೂ ಮಡಿಲಲ್ಲಿಟ್ಟುಕೊಂಡು ಕಂಬಳಿ ಹೊದ್ದಿಸಿ, ಮೊಣಕೈವರೆಗೆ ಎರಡೂ ಕೈ ಒಳಗೆ ತೂರಿಸಿದೆ. ಗಾಳಿಗೆ ಅಂಚು ಹಾರಾಡಿತು. "ಸ್ವಲ್ಪ ಅದುಮಿ ಹಿಡ್ಕೊ," ಎಂದೆ. ಅವನು ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಕಂಬಳಿಯ ಎರಡೂ ಅಂಚುಗಳನ್ನು ಅಂಗೈಯಿಂದ ಬಂಡೆಗೆ ಒತ್ತಿ ಹಿಡಿದ. ನಾನು ಬೆನ್ನು ತೆರೆದು ಫಿಲ್ಮನ್ನು ಬೆರಳಿಂದ ಬಿಚ್ಚತೊಡಗಿದೆ.

"ಸೂಲಗಿತ್ತಿ ಹಂಗೆ ಕಾಣ್ತೀರಿ. ನಿಧಾನಕ್ಕೆ ಎಳೀರಿ, ಕಾಲು ಮುಂದಾಗಿ ಬಂದೀತು."

"ಸುಮ್ನಿರಪ್ಪ, ನಗು ಬಂದ್ರೆ ಕೈ ಜಾರುತ್ತೆ."

ನಾಯಿ ಬೊಗಳಿತು. ಅದು ಬೊಗಳುವ ನಾಯಿಯೇ, ನಾನು ಗಮನ ಕೊಡಲಿಲ್ಲ. ಅವನು ಕತ್ತು ತಿರುಗಿಸಿ ಮೇಲುಗಡೆ ನೋಡಿದ, ಕೈ ಮಾತ್ರ ಎತ್ತಲಿಲ್ಲ. ಆಮೇಲೆ ಅವನ ದನಿ ಬೇರೆಯಾಗಿತ್ತು.

"ಅಕ್ಕಾರೆ, ಹಳ್ಳ ಬಂದಂಗೈತೆ. ಬಿಡ್ಲಾ?"

ಅರ್ಧ ಫಿಲ್ಮು ನನ್ನ ಬೆರಳುಗಳ ನಡುವೆ ಸುರುಳಿಯಾಗಿತ್ತು, ಇನ್ನರ್ಧ ಕ್ಯಾಮೆರಾದಲ್ಲಿತ್ತು. ಈಗ ಬಿಟ್ಟರೆ ಎಲ್ಲ ಹೋಗುತ್ತಿತ್ತು.

"ಎರಡೇ ನಿಮಿಷ. ಗಟ್ಟಿಯಾಗಿ ಹಿಡ್ಕೊ," ಎಂದೆ. ತರಗತಿಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ.

ಅವನು ಹಿಡಿದುಕೊಂಡ.

ಮರಳಿನ ಮೇಲೆ ನೀರು ಬರುವ ಸದ್ದು ನೀರಿನ ಸದ್ದಿನ ಹಾಗಿರುವುದಿಲ್ಲ. ಎಲ್ಲೋ ಲಾರಿಯಿಂದ ಜಲ್ಲಿ ಸುರಿಯುತ್ತಿದ್ದಾರೆ, ಸುರಿಯುತ್ತಲೇ ಇದ್ದಾರೆ ಎನ್ನುವ ಹಾಗೆ. ನಾನು ಅದನ್ನು ಕೇಳುತ್ತಲೇ ಫಿಲ್ಮನ್ನು ಪೂರ್ತಿ ಸುತ್ತಿದೆ, ಡಬ್ಬಿಗೆ ಹಾಕಿದೆ, ಮುಚ್ಚಳ ಒತ್ತಿದೆ. ಅದು ಟಕ್ಕೆಂದ ಕೂಡಲೇ "ಬಿಡು" ಎಂದೆ. ಆ ಸದ್ದಿಗೇ ಅವನು ಎದ್ದು ಹಳ್ಳಕ್ಕೆ ಇಳಿದಿದ್ದ.

ಹೆಚ್ಚಿನ ಕುರಿಗಳನ್ನು ಆಚೆ ದಡಕ್ಕೆ ಹತ್ತಿಸಿದ. ನಡುವಿನ ಜಲ್ಲಿಗುಡ್ಡೆಯ ಮೇಲೆ ಮೂರು ಮರಿಗಳು ನಿಂತುಬಿಟ್ಟಿದ್ದವು. ಒಂದನ್ನು ಎತ್ತಿ ದಡಕ್ಕೆ ಎಸೆದ. ಎರಡನೆಯದನ್ನು ಎತ್ತುವಾಗ ಕಂದು ನೀರು, ಮುಳ್ಳುಕಂಟಿ, ಒಂದು ಪ್ಲಾಸ್ಟಿಕ್ ಡ್ರಮ್ಮು ಎಲ್ಲ ಒಟ್ಟಿಗೆ ತಿರುವಿನಿಂದ ಬಂದವು. ಮೊಣಕಾಲಿಗಿತ್ತು, ಆಮೇಲೆ ಎದೆಗಿತ್ತು. ಅವನು ಮರಿಯನ್ನು ತಲೆಯ ಮೇಲೆ ಹಿಡಿದಿದ್ದ. ಆಮೇಲೆ ಕಾಣಲಿಲ್ಲ.

ನೀರು ನನ್ನ ಬಂಡೆಗೂ ಏರಿತು. ಕ್ಯಾಮೆರಾ, ಚೀಲ, ಚಪ್ಪಲಿ ಹೋದವು. ಒಂದು ತೋಳಿನಿಂದ ಹೊಂಗೆ ಮರ ತಬ್ಬಿ, ಹೆಗಲ ಮೇಲೆ ಅವನ ಒದ್ದೆ ಕಂಬಳಿಯೊಂದಿಗೆ ನಿಂತಿದ್ದೆ. ನೀರಿನಡಿಯ ಕಲ್ಲುಗಳು ಉರುಳುವುದು ಮರದ ಬೇರಿನ ಮೂಲಕ ನನ್ನ ಕಾಲಿಗೆ ತಿಳಿಯುತ್ತಿತ್ತು. ಕೂಗು ಕೇಳಿ ಹೊಲದವರು ಹಗ್ಗ ತಂದು ನನ್ನನ್ನು ದಡಕ್ಕೆ ಎಳೆದರು. ಆಗ ನೋಡಿದರೆ ಇನ್ನೊಂದು ಕೈ ಮುಷ್ಟಿಯಾಗಿಯೇ ಇತ್ತು. ಒಬ್ಬ ಹೆಂಗಸು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಳಗೆ ಆ ಡಬ್ಬಿ.

ಮರುದಿನ ಬೆಳಿಗ್ಗೆ ಕೆಳಗಿನ ಚೆಕ್‌ಡ್ಯಾಮಿನ ಜಾಲಿಗಿಡಗಳಲ್ಲಿ ಅವನು ಸಿಕ್ಕ.

ಪೊಲೀಸರಿಗೆ ಹೇಳಿಕೆಯನ್ನು ನಾನೇ ಬರೆದುಕೊಟ್ಟೆ. ಮೇಲ್ಭಾಗದಲ್ಲಿ ಮಳೆಯ ಯಾವ ಸೂಚನೆಯೂ ಇರಲಿಲ್ಲ, ಏಕಾಏಕಿ ನೀರು ಬಂದಾಗ ಕುರಿಗಳನ್ನು ಉಳಿಸಲು ಹೋಗಿ ಕೊಚ್ಚಿಹೋದರು ಎಂದು. "ಚೆನ್ನಾಗಿ ಬರ್ದಿದೀರಿ ಮೇಡಂ, ತಿದ್ದೋ ಹಂಗೇ ಇಲ್ಲ," ಎಂದರು ಅಲ್ಲಿದ್ದವರು. ಊರಿನಲ್ಲಿ ಅದೇ ಮಾತು ಇನ್ನಷ್ಟು ಚಿಕ್ಕದಾಯಿತು: ಕುರಿ ಆಸೆಗೆ ಹೋದ. ಮಣ್ಣಿಗೆ ಹೋದ ದಿನ ಅವನ ಹೆಂಡತಿ ನನ್ನ ಕೈ ಹಿಡಿದು, "ನೀವಾದ್ರೂ ಉಳಿದ್ರಲ್ಲ ಅಕ್ಕಾರೆ," ಎಂದಳು. ಕಂಬಳಿ ನಮ್ಮ ಮನೆಯಲ್ಲೇ ಉಳಿಯಿತು. ಕೊಡಬೇಕೆಂದು ಪ್ರತಿ ವಾರವೂ ಅಂದುಕೊಳ್ಳುತ್ತಿದ್ದೆ.

ಎರಡು ನಿಮಿಷ ಎಂದಿದ್ದೆನಲ್ಲ, ನಿಜಕ್ಕೂ ಎಷ್ಟು ಹೊತ್ತು? ಮನೆಯಲ್ಲಿ ಒಂದು ಹಾಳು ಫಿಲ್ಮನ್ನು ಅಪ್ಪನ ಇನ್ನೊಂದು ಕ್ಯಾಮೆರಾಕ್ಕೆ ಹಾಕಿ, ಅದೇ ಕಂಬಳಿಯಲ್ಲಿ ಕೈ ತೂರಿಸಿ, ಗೋಡೆ ಗಡಿಯಾರ ನೋಡುತ್ತ ಮಾಡಿದೆ. ಒಂದು ಸಲವಲ್ಲ, ಹತ್ತಾರು ಸಲ. ಅರ್ಧದಿಂದ ಟಕ್ ಎನ್ನುವವರೆಗೆ ಒಂದೂವರೆ ನಿಮಿಷ, ಒಂದೂ ಮುಕ್ಕಾಲು. ಒಮ್ಮೆಯೂ ಎರಡು ಆಗಲಿಲ್ಲ. ಆ ಒಂದೂವರೆ ನಿಮಿಷದಲ್ಲಿ ಒಬ್ಬ ಮನುಷ್ಯ ಹಳ್ಳಕ್ಕಿಳಿದು ಮೂರು ಮರಿಗಳನ್ನು ಎತ್ತಿ ತರಬಹುದೇ ಎಂದು ಹಿತ್ತಲಿನಲ್ಲಿ ಹೆಜ್ಜೆ ಹಾಕಿ ನೋಡಿದ್ದೂ ಉಂಟು. ತರಬಹುದು.

ಶಿವರಾತ್ರಿ ಕಳೆದು ಬಿಸಿಲೇರಿದಾಗ ಅಪ್ಪ ಒಂದು ಮಧ್ಯಾಹ್ನ ಊಟ ಮಾಡುತ್ತ ಹೇಳಿದರು.

"ಮೆಂತ್ಯದ ಹಿಂದೆ ಬಚ್ಚಿಟ್ರೆ ನನಗೆ ಕಾಣಲ್ಲ ಅಂದ್ಕೊಂಡಿದೀಯ? ಬಿದ್ದ ಬೆಳಕು ತೊಳೆಯದಿದ್ರೆ ನಿಲ್ಲಲ್ಲ ಕಣವ್ವ. ಈ ಸೆಕೆಗೆ ಒಳಗೊಳಗೇ ಮಾಸಿಹೋಗ್ತೈತೆ. ಆಮೇಲೆ ಬೇಕಂದ್ರೂ ಸಿಗಲ್ಲ."

"ಸಿಗದಿದ್ರೆ ಬೇಡ."

"ನಿನಗೆ ಬೇಡ. ಆ ಹೆಣ್ಣುಮಗಳಿಗೆ?"

ಅವತ್ತೇ ತೊಳೆದೆವು. ಬಚ್ಚಲುಮನೆಯ ಕಿಟಕಿಗೆ ರಟ್ಟು ಹೊಡೆದು, ಬಾಗಿಲ ಸಂದಿಗೆ ಟವೆಲು ತುರುಕಿ, ಕತ್ತಲಲ್ಲಿ ಫಿಲ್ಮನ್ನು ಸುರುಳಿಚಕ್ರಕ್ಕೆ ಏರಿಸಿ ಟ್ಯಾಂಕಿನ ಮುಚ್ಚಳ ಬಿಗಿದೆ. ಆಮೇಲೆ ದೀಪ ಹಾಕಬಹುದು, ಬೆಳಕು ಒಳಗೆ ಹೋಗುವುದಿಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಫಿಲ್ಮಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಫಿಲ್ಟರಿನ ನೀರನ್ನು ಹಿಂದಿನ ರಾತ್ರಿಯೇ ಮಣ್ಣಿನ ಗಡಿಗೆಯಲ್ಲಿ ತುಂಬಿಟ್ಟು, ಒದ್ದೆ ಬಟ್ಟೆ ಸುತ್ತಿ ಅಪ್ಪ ತಣ್ಣಗೆ ಮಾಡಿದ್ದರು. ಎಂದರೆ ನನ್ನನ್ನು ಕೇಳುವ ಮೊದಲೇ ಅವರು ತೀರ್ಮಾನಿಸಿದ್ದರು. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಗಡಿಯಾರ ಹಿಡಿದು ನಿಮಿಷ ಕೂಗತೊಡಗಿದರು. ನಾನು ಮದ್ದು ಸುರಿದು, ಪ್ರತಿ ಕೂಗಿಗೂ ಟ್ಯಾಂಕನ್ನು ತಲೆಕೆಳಗು ಮಾಡಿ ನೇರ ಮಾಡಬೇಕು.

"ಒಂದು!"

ಟ್ಯಾಂಕಿನೊಳಗೆ ನೀರು ಗೋಡೆಗೆ ಬಡಿದು ಗುಳುಗುಳು ಎಂದಿತು.

"ಎರಡು!"

ನನ್ನ ಕೈ ನಿಂತುಹೋಯಿತು. ಕಾಲಡಿಯ ಟೈಲ್ಸಿನ ಕೆಳಗೆ ಕಲ್ಲು ಉರುಳಿದ ಹಾಗಾಯಿತು. ಒಂದು ಕೈಯಲ್ಲಿ ಟ್ಯಾಂಕು, ಇನ್ನೊಂದು ಕೈಯಲ್ಲಿ ನಲ್ಲಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದೆ.

"ಏನಾತೇ? ಸದ್ದೇ ಬರ್ತಿಲ್ಲ! ಅಲ್ಲಾಡ್ಸವ್ವ, ಗೀರು ಬೀಳ್ತೈತೆ!"

ಅಲ್ಲಾಡಿಸಿದೆ. ಹೇಗೋ ಒಂಬತ್ತರವರೆಗೆ ಬಂದೆ. ಆಮೇಲೆ ಚಿತ್ರವನ್ನು ಮಾಸದಂತೆ ನಿಲ್ಲಿಸುವ ಹೈಪೊ, ಆಮೇಲೆ ನೀರು.

ಮುಚ್ಚಳ ತೆಗೆದು, ಕಿಟಕಿಯ ರಟ್ಟು ಕಿತ್ತು, ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಕುರಿಗಳೆಲ್ಲ ಬಂದಿದ್ದವು. ನೆಗೆಟಿವ್‌ನಲ್ಲಿ ಕರಿ ಕುರಿ ಬಿಳಿ, ಬಿಳಿ ಕುರಿ ಕರಿ. ಕೊನೆಯ ನಾಲ್ಕೈದು ಚಿತ್ರಗಳ ಮೇಲೆ ಮಾತ್ರ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಚೆಲ್ಲಿದ್ದವು. ಕೊನೆಯದರ ಮೇಲೆ ಎಲ್ಲಕ್ಕಿಂತ ಹೆಚ್ಚು. ಬೆನ್ನು ತೆರೆದಾಗ ಮೊದಲು ಬಯಲಾಗಿದ್ದು ಅದೇ. ಏನೆಂದು ತಕ್ಷಣ ಹೊಳೆಯಲಿಲ್ಲ. ಆಮೇಲೆ ಅವನ ಕಂಬಳಿ ತೆಗೆದುಕೊಂಡು ಅಂಗಳಕ್ಕೆ ಹೋಗಿ, ಬಿಸಿಲಿನಲ್ಲಿ ನಿಂತು ತಲೆಯ ಮೇಲೆ ಹೊದ್ದುಕೊಂಡೆ. ನೇಯ್ಗೆಯ ಸಂದಿಗಳಲ್ಲಿ ನೂರಾರು ಬೆಳಕಿನ ಚುಕ್ಕೆ. ಮಳೆ ತಡೆಯುವ ಕಂಬಳಿ ಬಿಸಿಲು ತಡೆಯುತ್ತಿರಲಿಲ್ಲ. ಅವನು ಹಾಗೆ ಹಿಡಿದು ಕೂತಿದ್ದಷ್ಟು ಹೊತ್ತೂ ಬೆಳಕು ಒಳಗೆ ಬರುತ್ತಲೇ ಇತ್ತು.

ಒಳಗೆ ಬಂದರೆ ಅಪ್ಪ ಭೂತಗನ್ನಡಿ ಹಿಡಿದು ಅದೇ ಕೊನೆಯ ಚಿತ್ರ ನೋಡುತ್ತಿದ್ದರು.

"ಚುಕ್ಕೆ ಬಿದ್ರೂ ಮುಖ ಉಳಿದೈತೆ. ಇಲ್ನೋಡು, ಹಿಂದೆ ಗುಡ್ಡದ ಮೇಲೆ ಮಳೆ ಇಳೀತೈತಲ್ಲ, ಪರದೆ ಬಿಟ್ಟಂಗೆ. ಅವನ ಭುಜದ ಹಿಂದಕ್ಕೇ ಸರಿಯಾಗಿ ಕೂರಿಸಿದೀಯ. ಒಳ್ಳೆ ಫ್ರೇಮು ಕಣವ್ವ."

ನಾನು ಭೂತಗನ್ನಡಿ ಕಿತ್ತುಕೊಂಡು ನೋಡಿದೆ. ಗಾಳಿ ವಿದ್ಯುತ್ತಿನ ಫ್ಯಾನುಗಳು ನಿಂತಿರುವ ಆ ದೂರದ ಗುಡ್ಡದ ಸಾಲು, ಅದರ ಮೇಲಿಂದ ಇಳಿದ ಮಳೆ. ನಮ್ಮ ಹಳ್ಳ ಬರುವುದೇ ಆ ಗುಡ್ಡದಿಂದ. ಸೂಚನೆ ಇರಲಿಲ್ಲ ಎಂದು ನಾನು ಬರೆದುಕೊಟ್ಟಿದ್ದೆ, ಸುಳ್ಳೆಂದು ಗೊತ್ತಿದ್ದು ಬರೆದದ್ದಲ್ಲ. ಆದರೆ ಈಗ ನನ್ನದೇ ದನಿ ಕಿವಿಗೆ ಬಂತು: "ಸ್ವಲ್ಪ ಎಡಕ್ಕೆ ನಿಂತ್ಕೊಳಪ್ಪ. ಈ ಕಡೆ ನೋಡು, ನನ್ನನ್ನ ನೋಡು." ಆಕಾಶ ನೋಡಿ ಹೊತ್ತು ಹೇಳುವ ಮನುಷ್ಯನನ್ನು ಮಳೆಗೆ ಬೆನ್ನು ಮಾಡಿ ನಿಲ್ಲಿಸಿದವಳು ನಾನು. ಬೆಳಕು ಚೆನ್ನಾಗಿದೆ ಎಂದುಕೊಂಡಿದ್ದು ಆ ಮಳೆಯನ್ನು ನೋಡಿಯೇ, ಅದು ಮಳೆಯೆಂದು ಮಾತ್ರ ಹೊಳೆದಿರಲಿಲ್ಲ.

ಅಪ್ಪನ ಹಳೆಯ ಎನ್‌ಲಾರ್ಜರಿನಲ್ಲಿ ಒಂದು ಪ್ರಿಂಟ್ ಹಾಕಿದೆ. ಮುಂದಿನ ಭಾನುವಾರ ಅದನ್ನೂ ಕಂಬಳಿಯನ್ನೂ ತೆಗೆದುಕೊಂಡು ಹೋದೆ.

ಆಕೆ ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಒಳಗಿನ ಗೋಡೆಯಲ್ಲಿ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ ಅವನ ಮುಖ, ಅದಕ್ಕೊಂದು ಪ್ಲಾಸ್ಟಿಕ್ ಹಾರ.

"ಬರ್ರಿ ಅಕ್ಕಾರೆ. ನೋಡ್ರಿ ಅದ್ನ, ಕಳ್ಳನ್ನ ಹಿಡ್ಕಂಡು ಬಂದಂಗೆ ಕಾಣ್ತಾನೆ. ನಿಮ್ಮದು ಯಾವಾಗ ಬರ್ತೈತೋ ಅಂತ ಕಾಯ್ತಿದ್ದೆ."

ನನ್ನ ಕೈಯಿಂದ ಕಂಬಳಿ ತೆಗೆದುಕೊಂಡು ಮೂಸಿದಳು. ಜಗುಲಿಯ ಮೇಲೆ ಹಾಸಿದಳು.

"ಕುಂತ್ಕಳ್ರಿ."

"ಬೇಡಮ್ಮ, ಕೆಳಗೇ ಕೂರ್ತೀನಿ."

"ಅದೆಂಗಾಗ್ತೈತೆ? ಅವ್ನಿದ್ದಿದ್ರೆ ಹಾಸ್ತಿರ್ಲಿಲ್ವಾ?"

ಕೂತೆ. ಫೋಟೊ ಕೊಟ್ಟೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ಅಂಚು ಹಿಡಿದು, ಬಹಳ ಹೊತ್ತು ನೋಡಿದಳು. ಪ್ರಿಂಟಿನಲ್ಲಿ ಚುಕ್ಕೆಗಳು ಬೆಳ್ಳಗಿದ್ದವು.

"ನಗ್ತಾ ಅವ್ನೆ," ಎಂದಳು. ಆಮೇಲೆ, "ಇವೇನು ಅಕ್ಕಾರೆ ಬೆಳ್ಳಗೆ, ಮ್ಯಾಲೆಲ್ಲಾ? ಮಳೆ ಹನೀನಾ?"

ಹೌದು ಎಂದುಬಿಡಬಹುದಿತ್ತು.

"ಅಲ್ಲಮ್ಮ. ಈ ಕಂಬಳಿಯ ತೂತುಗಳು," ಎಂದೆ. ಫಿಲ್ಮು ಕಂಬಳಿಯೊಳಗೆ ಯಾಕೆ ಹೋಯಿತೆಂದು ಕೇಳಿದಳು. ಹೇಳಿದೆ. ಟೇಪು ಕಿತ್ತಿದ್ದು, ಅವನು ಅಂಚು ಹಿಡಿದು ಕೂತಿದ್ದು, ಬಿಡ್ಲಾ ಎಂದು ಕೇಳಿದ್ದು, ನಾನು ಎರಡು ನಿಮಿಷ ಎಂದಿದ್ದು. ಅವನ ಹಿಂದಿನ ಮಳೆಯನ್ನು ಬೆರಳಿಟ್ಟು ತೋರಿಸಿದೆ. ಅತ್ತುಬಿಟ್ಟರೆ ಆಕೆಯೇ ನನ್ನನ್ನು ಸಮಾಧಾನ ಮಾಡಬೇಕಾದೀತೆಂದು ಗಟ್ಟಿಯಾಗಿದ್ದೆ.

ಆಕೆ ಫೋಟೊ ಪಕ್ಕಕ್ಕಿಟ್ಟು ಒಂದು ಹುಣಸೆಹಣ್ಣು ತೆಗೆದುಕೊಂಡಳು, ಬಿಡಿಸಲಿಲ್ಲ.

"ಐದು ತಿಂಗ್ಳು ಅವನ್ನ ಬೈದೆ," ಎಂದಳು. "ಕುರಿ ಹೆಚ್ಚಾತಾ ನಿನಗೆ, ನಾನು ಕಮ್ಮಿ ಆದ್ನಾ ಅಂತ. ದಿನಾ ಬೆಳಿಗ್ಗೆ ಆ ಫೋಟಕ್ಕೆ ಬೈದೇ ಬಾಗ್ಲಿಗೆ ನೀರು ಹಾಕ್ತಿದ್ದೆ. ಊರೋರೂ ಹಂಗೇ ಅಂದ್ರಲ್ಲ."

ಕೈಯಲ್ಲಿದ್ದ ಹಣ್ಣನ್ನು ರಾಶಿಗೆ ಹಾಕಿ ನನ್ನ ಕಡೆ ತಿರುಗಿದಳು.

"ಬಿಡ್ಲಾ ಅಂತ ಕೇಳಿದ್ನಾ?"

"ಕೇಳಿದ."

"ಎಷ್ಟು ಸಲ?"

"ಒಂದೇ ಸಲ."

"ಹೂಂ. ಎರಡ್ನೇ ಸಲ ಕೇಳೋನಲ್ಲ ಅವ್ನು."

ಎದ್ದು ಒಳಗೆ ಹೋದಳು. ಗೋಡೆಯ ಫೋಟೊದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಹೊಸ್ತಿಲಾಚೆಯಿಂದ ಕಾಣುತ್ತಿತ್ತು, ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಬರುವಾಗ ಕೈಯಲ್ಲಿ ಒಂದು ಲೋಟ ಮಜ್ಜಿಗೆ.

"ಫೋಟ ಇಲ್ಲಿರ್ಲಿ. ನೀವು ಇನ್ನ ಈ ಕಡೆ ಬರಬ್ಯಾಡ್ರಿ ಅಕ್ಕಾರೆ. ಮಜ್ಜಿಗೆ ಕುಡ್ದು ಹೋಗ್ರಿ."

ಕುಡಿದೆ. ಉಪ್ಪು ಹಾಕಿದ್ದಳು, ಕೊತ್ತಂಬರಿಯನ್ನೂ ಹಾಕಿದ್ದಳು. ಲೋಟ ಇಟ್ಟು ಎದ್ದೆ. ನಾನು ಏಳುವುದನ್ನೇ ಕಾಯುತ್ತಿದ್ದವಳ ಹಾಗೆ ಆಕೆ ಕಂಬಳಿಯನ್ನು ಎಳೆದು, ಎರಡು ಸಲ ಜೋರಾಗಿ ಕೊಡವಿ, ಅವನು ಹಾಕಿಕೊಳ್ಳುತ್ತಿದ್ದ ಹಾಗೇ ಎಡ ಹೆಗಲಿಗೆ ಹಾಕಿಕೊಂಡಳು. ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡಳು. ಮೇಯಲು ಬಿಡುವ ಹೊತ್ತಾಗಿತ್ತು, ಹಿತ್ತಲಿನ ರೊಪ್ಪದಲ್ಲಿ ಕುರಿಗಳು ಒದರುತ್ತಿದ್ದವು. ನಾಯಿ ನನ್ನ ಗುರುತು ಹಿಡಿದು ಸ್ಕೂಟರಿನವರೆಗೆ ಬಂತು. ಆಕೆ ಅದನ್ನು ಕೂಗಿ ಕರೆದಳು. ನನ್ನ ಕಡೆ ನೋಡಲಿಲ್ಲ.